ಆ್ಯಪ್ ಅತ್ತೆಗೂ ಅರ್ಥವಾಗಬೇಕಲ್ಲವೇ?

ಮೊನ್ನೆ ನಮ್ಮತ್ತೆ ತರಕಾರಿಯವನಿಗೆ ಮೊಬೈಲ್‌ನಲ್ಲೇ 140 ರೂಪಾಯಿ ಕೊಡಲು ಹೋದರು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಹೋಯ್ತೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ಕಳಿಸಿದರು. ಎರಡು ಸಲ ಹಣ ಹೋಯಿತು! ತರಕಾರಿಯವನೇನೋ ವಾಪಸ್ ಕೊಟ್ಟ. ಆದರೆ ಅತ್ತೆ, "ನಂಗೆ ಇದೆಲ್ಲ ಬರಲ್ಲ ಕಣಮ್ಮ" ಎಂದು ಫೋನ್ ಬದಿಗಿಟ್ಟರು. ತಪ್ಪು ಅವರದಲ್ಲ. 'ಆಗುತ್ತಿದೆ, ಕಾಯಿರಿ' ಎಂದು ಹೇಳದ ಆ್ಯಪ್‌ನದು.

ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ ನಾವು, ಆ್ಯಪ್ ಮಾತ್ರ ಯಾರೋ ಹೇಳಿದರೆಂದು ಹಾಕಿಸಿಕೊಳ್ಳುತ್ತೇವೆ. ಇನ್ಮುಂದೆ ಹೀಗೆ ಪರೀಕ್ಷಿಸಿ:

* ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿ. ಆ್ಯಪ್‌ನಲ್ಲೂ ದೊಡ್ಡದಾಯಿತೇ? ಸಾಲುಗಳು ಅರ್ಧಕ್ಕೇ ಕತ್ತರಿಸಿದವೇ?

* ಗುಂಡಿ ಬೆರಳಿಗೆ ಸಲೀಸಾಗಿ ಸಿಗಬೇಕು. ಒತ್ತುವ ಜಾಗ ಸುಮಾರು 9 ಮಿಲಿಮೀಟರ್ ಇರಲಿ ಎಂಬುದು ಆಂಡ್ರಾಯ್ಡ್ ವಿನ್ಯಾಸದ ಸಲಹೆ.

* ಕನ್ನಡ ಆರಿಸಿದರೆ ಮೊದಲ ಪುಟವಷ್ಟೇ ಅಲ್ಲ, ತಪ್ಪಾದಾಗ ಬರುವ ಸಂದೇಶವೂ ಕನ್ನಡದಲ್ಲಿರಬೇಕು.

* ಹಣ ಪಡೆಯುವವರ ಹೆಸರು ಎದ್ದು ಕಾಣಬೇಕು.

* ಮನೆಯವರಿಗೇ 1 ರೂಪಾಯಿ ಕಳಿಸಲು ಹಿರಿಯರಿಗೆ ಫೋನ್ ಕೊಡಿ. ಬಾಯಿ ಹಾಕಬೇಡಿ, ಸುಮ್ಮನೆ ನೋಡಿ. ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲೇ ಆ್ಯಪ್‌ನ ದೋಷ.

ನೆನಪಿಡಿ: ಚಕ್ರ ತಿರುಗುತ್ತಿದ್ದರೆ ಮತ್ತೆ ಕಳಿಸಬೇಡಿ, ಮೊದಲು ಹಿಸ್ಟರಿ ನೋಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಮೋಸವಾದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಹೀಗೇ ನೋಡಿ ಬೇರೊಂದು ಆ್ಯಪ್ ಹಾಕಿಕೊಟ್ಟೆ. ನಿನ್ನೆ ಹಾಲಿನವನ ದುಡ್ಡು ಅತ್ತೆಯೇ ಕಳಿಸಿದರು. ಆಮೇಲೆ ನನ್ನ ಕಡೆ ನೋಡಿ ಕೇಳಿದರು, "ಕರೆಂಟ್ ಬಿಲ್ ಎಲ್ಲಿದೆ, ಕೊಡು!"