ಜನರಲ್ ಸೀಟು ಯಾರದು?

ದಲಿತ ವಿಮರ್ಶೆಯ ಮಾತು ಬಂದಾಗಲೆಲ್ಲ ನಾವು ಮೊದಲು ಎತ್ತಿಕೊಳ್ಳುವುದು ಪ್ರಾತಿನಿಧ್ಯದ ಪ್ರಶ್ನೆಯನ್ನು. ಯಾರು ಯಾರ ಬಗ್ಗೆ ಬರೆಯಬಹುದು? 1933ರಲ್ಲಿ ಬಂದ 'ಚೋಮನ ದುಡಿ'ಯಲ್ಲಿ ಚೋಮ ಮಾತಾಡುತ್ತಾನೋ, ಕಾರಂತರು ಅವನ ಪರವಾಗಿ ಮಾತಾಡುತ್ತಾರೋ? ಈ ಚರ್ಚೆ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಆದರೆ ಪ್ರಾತಿನಿಧ್ಯ ಎಂಬ ಇದೇ ಶಬ್ದಕ್ಕೆ ಇನ್ನೊಂದು ಮನೆ ಇದೆ. ಅದು ವಿಧಾನಸಭೆ. ಅಲ್ಲಿಯೂ ಒಬ್ಬ ಇನ್ನೊಬ್ಬನ ಪರವಾಗಿ ಮಾತಾಡುತ್ತಾನೆ. ಕಾದಂಬರಿಯ ಮಾತಿನಿಂದ ಯಾರ ಹೊಲವೂ ಹೋಗುವುದಿಲ್ಲ. ಅಲ್ಲಿಯ ಮಾತಿನಿಂದ ಹೋಗುತ್ತದೆ, ಬರುತ್ತದೆ. ಕಥೆ, ಕವಿತೆಗಳನ್ನು ಓದಿದಷ್ಟು ಎಚ್ಚರದಿಂದ ಒಂದು ಮತಕ್ಷೇತ್ರವನ್ನು ಓದುವ ಕೆಲಸ ನಮ್ಮಲ್ಲಿ ಕಡಿಮೆ. ರೋಣ, ನರಗುಂದ, ಗಜೇಂದ್ರಗಡಗಳನ್ನು ಇಟ್ಟುಕೊಂಡು ಆ ಓದನ್ನು ಇಲ್ಲಿ ಮಾಡಲು ಯತ್ನಿಸುತ್ತೇನೆ.

ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಜಿಲ್ಲೆಗೆ ನಾಲ್ಕು ವಿಧಾನಸಭಾ ಕ್ಷೇತ್ರಗಳು: ಶಿರಹಟ್ಟಿ, ಗದಗ, ರೋಣ, ನರಗುಂದ. ಮುಂಡರಗಿ ಎಂಬ ಕ್ಷೇತ್ರ ಆಗ ಅಳಿಯಿತು, ಅದರ ಹಳ್ಳಿಗಳು ಅಕ್ಕಪಕ್ಕಕ್ಕೆ ಹಂಚಿಹೋದವು. ಗಜೇಂದ್ರಗಡ ಮುಂದೆ ರೋಣದಿಂದ ಬೇರೆಯಾಗಿ ತಾಲೂಕು ಆಯಿತು, ಆದರೆ ಕ್ಷೇತ್ರವಾಗಲಿಲ್ಲ. ಅದರ ಮತ ರೋಣದ ಪೆಟ್ಟಿಗೆಗೇ ಬೀಳುತ್ತದೆ. ತಹಶೀಲ್ದಾರರು ಬೇರೆ, ಎಮ್ಮೆಲ್ಲೆ ಒಬ್ಬರೇ. ಲೋಕಸಭೆಗೆ ಬಂದರೆ ರೋಣ ಹಾವೇರಿಗೆ ಸೇರುತ್ತದೆ, ಪಕ್ಕದ ನರಗುಂದ ಬಾಗಲಕೋಟೆಗೆ. ಒಂದೇ ಜಿಲ್ಲೆಯ ಒಂದೇ ಕಪ್ಪು ಮಣ್ಣಿನ ಕೂಲಿಯವರು ಇಬ್ಬರು ಸಂಸದರ ನಡುವೆ ಹರಿದುಹೋಗಿದ್ದಾರೆ. ಕ್ಷೇತ್ರದ ಗೆರೆಯನ್ನು ಜನ ಎಳೆದುಕೊಳ್ಳುವುದಿಲ್ಲ, ಅವರ ಮೇಲೆ ಎಳೆಯಲಾಗುತ್ತದೆ ಎಂಬುದನ್ನು ಮೊದಲು ಗಮನಿಸಬೇಕು.

ಈ ನಾಲ್ಕರಲ್ಲಿ ಶಿರಹಟ್ಟಿ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ರೋಣ, ನರಗುಂದ ಸಾಮಾನ್ಯ ಕ್ಷೇತ್ರಗಳು. ರೋಣದಲ್ಲಿ 2008ರಲ್ಲಿ ಕಳಕಪ್ಪ ಬಂಡಿ, 2013ರಲ್ಲಿ ಜಿ.ಎಸ್. ಪಾಟೀಲ, 2018ರಲ್ಲಿ ಮತ್ತೆ ಬಂಡಿ, 2023ರಲ್ಲಿ ಮತ್ತೆ ಪಾಟೀಲ. ನರಗುಂದದಲ್ಲಿ 2008ರಲ್ಲಿ ಸಿ.ಸಿ. ಪಾಟೀಲ, 2013ರಲ್ಲಿ ಬಿ.ಆರ್. ಯಾವಗಲ್, 2018 ಮತ್ತು 2023ರಲ್ಲಿ ಪುನಃ ಸಿ.ಸಿ. ಪಾಟೀಲ. ಎರಡು ಕ್ಷೇತ್ರ, ನಾಲ್ಕು ಚುನಾವಣೆ, ಒಟ್ಟು ನಾಲ್ಕೇ ಹೆಸರು. ಇಲ್ಲಿ ಯಾರೊಬ್ಬರ ಗುಣದೋಷ ನನ್ನ ವಿಷಯವಲ್ಲ. ಪಕ್ಷ ಬದಲಾದರೂ ಬದಲಾಗದ ಒಂದು ಸಾಮಾಜಿಕ ನೆಲೆ ಇದೆಯಲ್ಲ, ಅದು ನನ್ನ ವಿಷಯ.

ನಮ್ಮ ಕಡೆ ಕೇರಿಯ ಹಿರಿಯರನ್ನು 'ಯಾಕ ಯಜ್ಜಾ, ನಮ್ಮವರು ಯಾರೂ ನಿಲ್ಲಂಗಿಲ್ಲೇನು?' ಎಂದು ಕೇಳಿದರೆ ಬರುವ ಉತ್ತರ ಒಂದೇ: 'ಸೀಟು ಜನರಲ್ ಐತಿ ತಮ್ಮಾ. ನಮಗೆಲ್ಲಿ ಬರತೈತಿ?' ಈ ಮಾತಿನಲ್ಲಿ ಒಂದು ಇಡೀ ವ್ಯವಸ್ಥೆ ಅಡಗಿದೆ. ಕಾನೂನಿನ ಪ್ರಕಾರ ಜನರಲ್ ಅಂದರೆ ಎಲ್ಲರದು. ಪರಿಶಿಷ್ಟ ಜಾತಿಯವರು ಅಲ್ಲಿ ನಿಲ್ಲಬಾರದು ಎಂದು ಎಲ್ಲಿಯೂ ಬರೆದಿಲ್ಲ. ಆದರೆ ವ್ಯವಹಾರದಲ್ಲಿ ಅದು 'ಅವರದು' ಎಂದಾಗಿದೆ. 'ಮೀಸಲು' ಎಂಬುದು ನಮಗೆ ಕೊಟ್ಟ ಪಾಲು, 'ಸಾಮಾನ್ಯ' ಎಂಬುದು ಉಳಿದವರ ಪಾಲು ಎಂದು ಪಕ್ಷಗಳು ಓದಿದವು, ನಾವೂ ಹಾಗೇ ಓದುವುದನ್ನು ಕಲಿತೆವು.

ಇದು ಇಂದಿನ ತಪ್ಪು ಓದಲ್ಲ. 1952 ಮತ್ತು 1957ರ ಚುನಾವಣೆಗಳಲ್ಲಿ ದೇಶದಲ್ಲಿ ಇಬ್ಬರು ಸದಸ್ಯರ ಕ್ಷೇತ್ರಗಳಿದ್ದವು. ಒಬ್ಬ ಮತದಾರನಿಗೆ ಎರಡು ಮತ. ಎರಡರಲ್ಲಿ ಒಂದು ಸ್ಥಾನ ಪರಿಶಿಷ್ಟರಿಗೆ. 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಎರಡೂ ಸ್ಥಾನಗಳನ್ನು ಬುಡಕಟ್ಟಿನ ಅಭ್ಯರ್ಥಿಗಳೇ ಗೆದ್ದರು, ಕೇಂದ್ರದಲ್ಲಿ ಕಾರ್ಮಿಕ ಸಚಿವರಾಗಿದ್ದ ವಿ.ವಿ. ಗಿರಿ ಸೋತರು. ಹೆಚ್ಚು ಮತ ಬಿದ್ದವನು ಯಾವ ಪಂಗಡದವನಾದರೂ ಸಾಮಾನ್ಯ ಸ್ಥಾನಕ್ಕೆ ಹಕ್ಕುದಾರನೇ ಎಂದು ಸುಪ್ರೀಂ ಕೋರ್ಟು 1959ರಲ್ಲಿ ಎತ್ತಿಹಿಡಿಯಿತು. ಇದಾಗಿ ಎರಡು ವರ್ಷಕ್ಕೆ, 1961ರಲ್ಲಿ, ಕಾಯ್ದೆ ತಂದು ಇಂಥ ಕ್ಷೇತ್ರಗಳನ್ನೇ ರದ್ದು ಮಾಡಲಾಯಿತು. ಸಾಮಾನ್ಯ ಎಂಬುದನ್ನು ನಿಜವಾಗಿ ಸಾಮಾನ್ಯವೆಂದು ಓದಿದ ಒಂದು ಪ್ರಯೋಗ ಹೀಗೆ ಮುಗಿಯಿತು.

ನಮ್ಮದೇ ರಾಜ್ಯದ ಉದಾಹರಣೆ ಇನ್ನೂ ಸ್ಪಷ್ಟ. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗೆ ಸತತ ಎಂಟು ಸಲ ಗುರುಮಠಕಲ್‌ನಿಂದ ಗೆದ್ದವರು. 2008ರಲ್ಲಿ ಆ ಕ್ಷೇತ್ರ ಸಾಮಾನ್ಯವಾಯಿತು. ಅವರು ಮೀಸಲು ಕ್ಷೇತ್ರವಾದ ಚಿತ್ತಾಪುರಕ್ಕೆ ಹೋದರು. ಎಂಟು ಸಲ ಗೆದ್ದ ನೆಲದಲ್ಲೇ ಮೀಸಲಾತಿಯ ಹಲಗೆ ತೆಗೆದ ಕೂಡಲೇ ಜಾಗ ಬಿಡಬೇಕಾಗುತ್ತದೆ ಎಂದಾದರೆ, ರೋಣದ ಕೇರಿಯ ಒಬ್ಬ ಹುಡುಗನಿಗೆ ಟಿಕೆಟು ಕೇಳುವ ಧೈರ್ಯ ಎಲ್ಲಿಂದ ಬಂದೀತು?

ಹಾಗಾದರೆ ಒಂದು ಕ್ಷೇತ್ರ ಮೀಸಲಾಗುವುದು ಹೇಗೆ? ಸಂವಿಧಾನದ 332ನೇ ವಿಧಿ ಜನಸಂಖ್ಯೆಯ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಕೊಡಬೇಕು ಎನ್ನುತ್ತದೆ. ಕರ್ನಾಟಕದ 224 ಸ್ಥಾನಗಳಲ್ಲಿ 2008ಕ್ಕೆ ಮೊದಲು ಪರಿಶಿಷ್ಟ ಜಾತಿಗೆ 33, ಪಂಗಡಕ್ಕೆ 2 ಇದ್ದವು. ಆಮೇಲೆ 36 ಮತ್ತು 15 ಆದವು. ಯಾವ ಕ್ಷೇತ್ರ ಎಂಬುದನ್ನು ಆರಿಸುವಾಗ ಎರಡು ಅಳತೆಗಳಿವೆ: ಪರಿಶಿಷ್ಟ ಜಾತಿಯ ಸ್ಥಾನಗಳು ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಿರಬೇಕು, ಮತ್ತು ಆಯಾ ಭಾಗದಲ್ಲಿ ಅವರ ಸಂಖ್ಯೆ ತುಲನೆಯಲ್ಲಿ ಹೆಚ್ಚಿರುವಲ್ಲಿ ಇರಬೇಕು. 2011ರ ಗಣತಿಯಲ್ಲಿ ಗದಗ ಜಿಲ್ಲೆಯ ಪರಿಶಿಷ್ಟ ಜಾತಿಯವರು ಸುಮಾರು ಶೇ. 16. ಶಿರಹಟ್ಟಿಗೆ ಮೀಸಲಾತಿ ಬಂತು ಅಂದರೆ ರೋಣ, ನರಗುಂದಗಳಲ್ಲಿ ದಲಿತರಿಲ್ಲ ಎಂದಲ್ಲ. ಅವರು ಇದ್ದಾರೆ, ಒಂದು ಕ್ಷೇತ್ರ ಮೀಸಲಾಗುವಷ್ಟು ಒಟ್ಟಿಗೆ ಇಲ್ಲ, ಅಷ್ಟೇ. ರಾಜ್ಯದ ಬಹುಪಾಲು ದಲಿತರ ಸ್ಥಿತಿ ಇದೇ. ನಮ್ಮವರಲ್ಲಿ ಹೆಚ್ಚಿನವರು ಬದುಕುವುದು ಜನರಲ್ ಕ್ಷೇತ್ರಗಳಲ್ಲಿ. ಆದರೂ ದಲಿತ ರಾಜಕಾರಣ ಅಂದ ಕೂಡಲೇ ಮೀಸಲು ಕ್ಷೇತ್ರದ ಮಾತನ್ನಷ್ಟೇ ಆಡುತ್ತೇವೆ.

ಮೀಸಲಾದರೆ ಎಲ್ಲಾ ಸರಿಹೋಗುತ್ತದೆಯೇ? ಶಿರಹಟ್ಟಿಯಲ್ಲಿ 2008ರಲ್ಲಿ ರಾಮಣ್ಣ ಲಮಾಣಿ, 2013ರಲ್ಲಿ ರಾಮಕೃಷ್ಣ ದೊಡ್ಡಮನಿ, 2018ರಲ್ಲಿ ಮತ್ತೆ ಲಮಾಣಿ, 2023ರಲ್ಲಿ ಚಂದ್ರು ಲಮಾಣಿ ಗೆದ್ದರು. ನಾಲ್ಕರಲ್ಲಿ ಮೂರು ಸಲ ಲಂಬಾಣಿ ಸಮುದಾಯದವರು. ತಾಂಡಾದ ಬಡತನ ಕೇರಿಯ ಬಡತನಕ್ಕಿಂತ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಆದರೆ ಪರಿಶಿಷ್ಟ ಜಾತಿ ಎಂಬ ಒಂದೇ ಹೆಸರಿನ ಕೆಳಗೆ ಮಾದಿಗ, ಛಲವಾದಿ, ಸಮಗಾರ, ಡೋರರ ಅಸ್ಪೃಶ್ಯತೆಯ ಅನುಭವ ಕಾಣದಂತಾಗುವುದನ್ನು ಮುಚ್ಚಿಡಬೇಕಿಲ್ಲ. ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು, ಒಳಮೀಸಲಾತಿ ಸಾಧ್ಯ ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ಹೇಳಿತು. ಆ ತೀರ್ಪು ಶಿಕ್ಷಣ, ಉದ್ಯೋಗದ ಮಾತು. ವಿಧಾನಸಭೆಯ ಸೀಟುಗಳ ಒಳಹಂಚಿಕೆಯ ಪ್ರಶ್ನೆಯನ್ನು ಅದು ಮುಟ್ಟುವುದಿಲ್ಲ.

ಇನ್ನೂ ಮೂಲದ ಸಂಗತಿ ಮತದಾರನದು. ಮೀಸಲು ಕ್ಷೇತ್ರದಲ್ಲಿ ನಿಲ್ಲುವವನು ದಲಿತ, ಗೆಲ್ಲಿಸುವವರು ಬಹುತೇಕ ಇತರರು. 1932ರ ಆಗಸ್ಟಿನ ಕೋಮುವಾರು ತೀರ್ಪು ದಲಿತರಿಗೆ ಎರಡು ಮತ ಕೊಟ್ಟಿತ್ತು. ಒಂದರಿಂದ ತಮ್ಮವನನ್ನು ತಾವೇ ಆರಿಸಬಹುದು, ಇನ್ನೊಂದನ್ನು ಸಾಮಾನ್ಯ ಕ್ಷೇತ್ರದಲ್ಲಿ ಹಾಕಬಹುದು. ಸೆಪ್ಟೆಂಬರ್ 24ರ ಪುಣೆ ಒಪ್ಪಂದದಲ್ಲಿ ಸ್ಥಾನಗಳು 148ಕ್ಕೆ ಏರಿದವು, ಎರಡನೆಯ ಮತ ಹೋಯಿತು. ಅಂಬೇಡ್ಕರ್ ಆ ಎರಡನೆಯ ಮತಕ್ಕೆ ಕೊಟ್ಟ ಬೆಲೆಯನ್ನು ನಾವು ಮರೆತಿದ್ದೇವೆ. ಆ ಮತ ಇದ್ದಿದ್ದರೆ ಸಾಮಾನ್ಯ ಕ್ಷೇತ್ರದ ಸವರ್ಣ ಅಭ್ಯರ್ಥಿಯೂ ಕೇರಿಗೆ ಬಂದು ಉತ್ತರ ಕೊಡಬೇಕಾಗುತ್ತಿತ್ತು. ಒಪ್ಪಂದದ ಪ್ರಕಾರ ಮೀಸಲು ಸ್ಥಾನಕ್ಕೆ ದಲಿತ ಮತದಾರರೇ ಮೊದಲು ನಾಲ್ವರನ್ನು ಆರಿಸುವ ಒಂದು ಪದ್ಧತಿಯಾದರೂ ಇತ್ತು. ಆಗ ನಮ್ಮ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1937ರಲ್ಲಿ ಬಳವಂತ ವರಾಳೆಯವರು ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಬೆಳಗಾವಿ ಉತ್ತರದಲ್ಲಿ ಗೆದ್ದು ಆ ಸಭೆಗೆ ಹೋದರು. ಸಂವಿಧಾನ ಬಂದ ಮೇಲೆ ಆ ಪದ್ಧತಿಯೂ ಉಳಿಯಲಿಲ್ಲ. ಹೀಗಾಗಿ ಶಿರಹಟ್ಟಿಯಲ್ಲಿ ನಮ್ಮವನು ಕೂತರೂ ಅವನು ನಮಗೆ ಮಾತ್ರ ಹೊಣೆಗಾರನಲ್ಲ, ರೋಣದಲ್ಲಿ ಕೂತವರು ನಮಗೂ ಹೊಣೆಗಾರರು ಎಂದು ನಾವು ನಂಬುವುದೇ ಇಲ್ಲ.

ಈ ಹೊಣೆ ಎಂಬುದು ಬರೀ ತತ್ವದ ಮಾತಲ್ಲ. ಎಮ್ಮೆಲ್ಲೆ ಬೆಂಗಳೂರಲ್ಲಿ ಕಾನೂನು ಮಾಡುವವರು ಎಂದು ಪಾಠಪುಸ್ತಕ ಹೇಳುತ್ತದೆ. ತಾಲೂಕಿನಲ್ಲಿ ಅವರು ಬೇರೆಯೇ ಆಗಿರುತ್ತಾರೆ. ಸರ್ಕಾರಿ ಜಮೀನನ್ನು ಉತ್ತುಕೊಂಡು ಬಂದವರ ಅರ್ಜಿ, ಅಂದರೆ ನಮೂನೆ 50, 53, 57, ಬಂದು ನಿಲ್ಲುವುದು ಬಗರ್ ಹುಕುಂ ಸಮಿತಿಯ ಮುಂದೆ. ಅದರ ಅಧ್ಯಕ್ಷತೆ ವಾಡಿಕೆಯಂತೆ ಶಾಸಕರದು, ತಹಶೀಲ್ದಾರರು ಕಾರ್ಯದರ್ಶಿ. ಗಂಗಾ ಕಲ್ಯಾಣದ ಬೋರು ಯಾರ ಹೊಲಕ್ಕೆ ಎಂದು ಆರಿಸುವ ಸಮಿತಿಗೂ ಅವರೇ ಅಧ್ಯಕ್ಷರು. ಆಶ್ರಯ ಮನೆಯ ಪಟ್ಟಿಯೂ ಅವರ ಕೈದಾಟಿಯೇ ಬರುತ್ತದೆ. ಚೋಮ ಜೀವಮಾನವಿಡೀ ಕೇಳಿದ್ದು ತನ್ನದೇ ಒಂದು ತುಂಡು ಹೊಲ. ಇಂದಿನ ಚೋಮನ ಅರ್ಜಿ ಇರುವುದು ಈ ಸಮಿತಿಯ ಕಡತದಲ್ಲಿ. ಸಮಿತಿಯಲ್ಲಿ ಒಬ್ಬ ಪರಿಶಿಷ್ಟ ಸದಸ್ಯರು ಇರಬೇಕೆಂದು ಭೂಕಂದಾಯ ಕಾಯ್ದೆಯ 94-ಎ ಕಲಮು ಹೇಳುತ್ತದೆ. ಆ ಸದಸ್ಯರು ಯಾರು, ಸಭೆಯಲ್ಲಿ ಏನು ಮಾತಾಡಿದರು, ನಡಾವಳಿಯಲ್ಲಿ ಏನು ಬರೆದಿದೆ? ಇದನ್ನು ಓದುವುದೂ ದಲಿತ ವಿಮರ್ಶೆಯೇ ಎಂದು ನನ್ನ ವಾದ.

ಶಾಸಕರನ್ನು ಬಗ್ಗಿಸಲು ಆಗುವುದಿಲ್ಲ ಎನ್ನುವವರಿಗೆ ನರಗುಂದವೇ ಉತ್ತರ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ಅಲ್ಲಿಂದ ಹಬ್ಬಿದ ಚಳವಳಿ ಗುಂಡೂರಾಯರ ಸರ್ಕಾರವನ್ನು ಅಲುಗಾಡಿಸಿತು, 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಸಂಘಟಿತರಾದವರಿಗೆ ಯಾವ ಪಕ್ಷವಾದರೂ ಕಿವಿಗೊಡುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಕರ ಬಿದ್ದದ್ದು ಹೊಲದ ಮೇಲೆ. ಹೊಲವೇ ಇಲ್ಲದವನಿಗೆ ಕಾಲುವೆಯ ನೀರೂ ಇಲ್ಲ, ಕರವೂ ಇಲ್ಲ, ಬಂಡಾಯದ ಫಲವೂ ಇಲ್ಲ. ಆ ಚರಿತ್ರೆಯನ್ನು ಗೌರವದಿಂದಲೇ ಓದುತ್ತಾ, ಕೂಲಿಯವನ ಬೇಡಿಕೆ ಅದರ ಯಾವ ಪುಟದಲ್ಲಿದೆ ಎಂದು ಕೇಳಬೇಕು.

ಹಾಗಾಗಿ ಕಾರ್ಯಕರ್ತ ಗೆಳೆಯರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನ ಸೂಚನೆ ಇಷ್ಟು. ಜನರಲ್ ಸೀಟಿನ ಎಮ್ಮೆಲ್ಲೆಯನ್ನು 'ಅವರ ಎಮ್ಮೆಲ್ಲೆ' ಎನ್ನುವುದನ್ನು ಬಿಡೋಣ. 2023ರಲ್ಲಿ ಪಿಟಿಸಿಎಲ್ ಕಾಯ್ದೆಗೆ ತಿದ್ದುಪಡಿ ಬಂದಾಗ, ದಲಿತರ ಉಪಯೋಜನೆಯ ಹಣವನ್ನು ಬೇರೆಡೆ ತಿರುಗಿಸಲು ದಾರಿಯಾಗಿದ್ದ 7(ಡಿ) ಕಲಮನ್ನು ಅದೇ ವರ್ಷ ತೆಗೆದಾಗ, ನಿಮ್ಮ ಶಾಸಕರು ಸದನದಲ್ಲಿ ಬಾಯಿ ಬಿಟ್ಟರೇ? ಸದನದ ಚರ್ಚೆ ಮುದ್ರಿತವಾಗಿ ಸಿಗುತ್ತದೆ, ಸಮಿತಿಯ ನಡಾವಳಿ ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ. ಎರಡನ್ನೂ ತಂದು ಓಣಿಯ ಕಟ್ಟೆಯ ಮೇಲೆ ಜೋರಾಗಿ ಓದಿರಿ.

ಇನ್ನೊಂದು ಕೆಲಸ ಕ್ಷೇತ್ರದ ಗೆರೆಯದು. 2001ರ 84ನೇ ತಿದ್ದುಪಡಿ ಸ್ಥಾನಗಳ ಮರುಹಂಚಿಕೆಯನ್ನು 2026ರ ನಂತರದ ಮೊದಲ ಗಣತಿಯವರೆಗೆ ಮುಂದೂಡಿತು. ಕೇಂದ್ರ ಸರ್ಕಾರ 2025ರ ಜೂನಿನಲ್ಲಿ ಗಣತಿಗೆ 2027ರ ಮಾರ್ಚ್ 1 ಎಂದು ದಿನ ಗೊತ್ತುಮಾಡಿತು. ಕಳೆದ ಮರುವಿಂಗಡಣೆಯಲ್ಲಿ ಆಯೋಗ ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಬಹಿರಂಗ ಸಭೆ ನಡೆಸಬೇಕೆಂದು ಕಾಯ್ದೆಯಲ್ಲೇ ಇತ್ತು. ಆಯೋಗದ ಜೊತೆ ಸಹಸದಸ್ಯರಾಗಿ ಕೂತವರು ಶಾಸಕರು, ಸಂಸದರು. ಅವರಿಗೆ ತಮ್ಮ ಹಳ್ಳಿಗಳ ಲೆಕ್ಕ ಬಾಯಿಪಾಠ. ಕೇರಿಗಳ, ತಾಂಡಾಗಳ ಲೆಕ್ಕ ಯಾರ ಬಳಿ ಇದೆ? ರೋಣದ, ಗಜೇಂದ್ರಗಡದ, ನರಗುಂದದ ಪ್ರತಿ ಹಳ್ಳಿಯಲ್ಲಿ ನಾವು ಎಷ್ಟು ಮನೆ, ಎಷ್ಟು ಮತ, ಎಷ್ಟು ಎಕರೆ, ಎಷ್ಟು ಬಾಕಿ ಅರ್ಜಿ ಎಂಬ ಒಂದು ದಫ್ತರ ಈಗಿನಿಂದಲೇ ಶುರುವಾಗಬೇಕು. ಮುಂದೆ ಅಂಥ ಸಭೆ ಕರೆದ ದಿನ ಅದನ್ನು ಕೈಯಲ್ಲಿ ಹಿಡಿದು ಎದ್ದು ನಿಲ್ಲುವವರು ಬೇಕು.