ಹಗೇವಿಗೆ ಇಳಿಯುವ ಮುನ್ನ

ರಾಗಿ ಒಕ್ಕಣೆ ಮುಗಿಯಿತೆಂದರೆ ಹಿಂದೆ ಹೆಚ್ಚು ಬೆಳೆಯುವ ಮನೆಗಳಲ್ಲಿ ಹಗೇವು ತುಂಬುವ ಕೆಲಸ. ಒಬ್ಬ ಆಳು ಮಾತ್ರ ನುಸುಳುವಷ್ಟು ಕಿರಿದಾದ ಬಾಯಿ, ಒಳಗೆ ಗುಡಾಣದಂತೆ ಅಗಲವಾದ ಹೊಟ್ಟೆ, ಸುತ್ತಲೂ ಒಣಹುಲ್ಲಿನ ಹೊದಿಕೆ, ಮೇಲೆ ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬರಗಾಲಕ್ಕೆ ಅದೇ ಆಸರೆ. ಗೋಣಿಚೀಲ, ಪಡಿತರದ ಅಕ್ಕಿ ಬಂದ ಮೇಲೆ ಹಗೇವಿನ ಬಳಕೆ ಬಹಳ ಕಡಿಮೆಯಾಗಿದೆ. ಅಪಾಯ ಹೆಚ್ಚಿರುವುದೂ ಇದೇ ಕಾರಣದಿಂದ. ಹಗೇವು ತೆಗೆಯುವ ಕ್ರಮ ಬಲ್ಲ ಹಿರಿಯರು ಕಡಿಮೆಯಾದರು. ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆ ಹಳೆಯ ಹಗೇವು ಉಳಿದಿರುವ ಮನೆಯವರು ಆ ಕ್ರಮವನ್ನು ತಿಳಿದಿರಬೇಕು.

ಕಾಳು ನಿರ್ಜೀವವಲ್ಲ, ಅದೂ ಉಸಿರಾಡುತ್ತದೆ. ಥಂಡಿ ತಗುಲಿದರೆ ಅದರ ಉಸಿರಾಟ ಜೋರಾಗುತ್ತದೆ, ಜೊತೆಗೆ ಬೂಷ್ಟೂ ಹುಟ್ಟುತ್ತದೆ. ಎರಡೂ ಸೇರಿ ಒಳಗಿನ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಹುಳು ಬದುಕದಿರುವುದಕ್ಕೂ ಇದೇ ಕಾರಣ, ಮನುಷ್ಯ ಬದುಕದಿರುವುದಕ್ಕೂ ಇದೇ ಕಾರಣ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. ಅದು 10ಕ್ಕಿಂತ ಕೆಳಗಿಳಿದರೆ ಪ್ರಜ್ಞೆ ತಪ್ಪುತ್ತದೆ, 6ಕ್ಕೆ ಇಳಿದರೆ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಾಯಿ ತೆರೆದರೂ ತಳದಲ್ಲೇ ನಿಂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಸಾಕೆಂಬುದು ತಪ್ಪು ತಿಳಿವಳಿಕೆ. ಬಟ್ಟೆ ಧೂಳನ್ನು ತಡೆದೀತು, ಇಲ್ಲದ ಆಮ್ಲಜನಕವನ್ನು ಎಲ್ಲಿಂದ ತಂದೀತು?

ತುಂಬಿದ ಹಗೇವಿನಲ್ಲಿ ಮೇಲೆಯೇ ಕುಳಿತು ಮಂಕರಿಗೆ ತುಂಬಿಕೊಳ್ಳಬಹುದು. ಅಪಾಯ ಅರ್ಧ ಖಾಲಿಯಾದ ಹಗೇವಿನದು. ಖಾಲಿ ಜಾಗದಲ್ಲಿ ಕೆಟ್ಟ ಗಾಳಿ ತುಂಬಿಕೊಂಡಿರುತ್ತದೆ, ಕಾಳು ತೆಗೆಯಲು ಒಳಗೆ ಇಳಿಯಲೇಬೇಕಾಗುತ್ತದೆ. ಆದ್ದರಿಂದ ಚಪ್ಪಡಿಯನ್ನು ಹಿಂದಿನ ದಿನವೇ ಸರಿಸಿ, ಮಕ್ಕಳು, ದನಕರು ಬೀಳದಂತೆ ಕಾವಲಿಟ್ಟು ಬಾಯಿ ತೆರೆದಿಡುವುದು ಒಳ್ಳೆಯದು. ಸೊಪ್ಪಿನ ದೊಡ್ಡ ಹೊರೆಯನ್ನು ಹಗ್ಗಕ್ಕೆ ಕಟ್ಟಿ ಹತ್ತಾರು ಬಾರಿ ಇಳಿಸಿ ಎತ್ತಿದರೆ ತಳದ ಗಾಳಿ ಕದಡುತ್ತದೆ. ಬಳಿಕ ಲಾಂದ್ರವನ್ನು ತಳ ಮುಟ್ಟುವವರೆಗೆ ಇಳಿಸಿ ನೋಡಬೇಕು. ದೀಪ ಆರಿದರೆ ಅಂದು ಇಳಿಯಬಾರದು. ಆರದಿದ್ದರೂ ಪೂರ್ಣ ನಿರ್ಭಯವೆಂದಲ್ಲ, ಮಂಕಾದರೂ ಸಂಶಯಪಡಬೇಕು. ಮಾರನೆಯ ದಿನ ಮತ್ತೆ ಇಳಿಯುವುದಾದರೆ ಪರೀಕ್ಷೆಯನ್ನೂ ಮತ್ತೆ ಮಾಡಬೇಕು. ಈ ದೀಪದ ಪರೀಕ್ಷೆಯನ್ನು ಗೋಬರ್ ಗ್ಯಾಸ್ ಗುಂಡಿಗೆ ಎಂದೂ ಮಾಡಬಾರದು, ಅಲ್ಲಿನ ಅನಿಲ ಹೊತ್ತಿಕೊಳ್ಳುತ್ತದೆ.

ಇಳಿಯುವವನ ಕಂಕುಳ ಕೆಳಗೆ ಗಟ್ಟಿ ಹಗ್ಗ ಕಟ್ಟಿರಬೇಕು, ಅದರ ತುದಿ ಮೇಲಿರುವ ಇಬ್ಬರ ಕೈಯಲ್ಲಿರಬೇಕು. ಒಳಗಿದ್ದವನು ಮಾತು ನಿಲ್ಲಿಸಿದ ತಕ್ಷಣ ಎಳೆಯಬೇಕು. ಹಗ್ಗವಿಲ್ಲದಿದ್ದರೆ ಏನಾಗುತ್ತದೆ? ಅಪ್ಪ ಬಿದ್ದನೆಂದು ಮಗ ಧುಮುಕುತ್ತಾನೆ, ಮಗನ ಹಿಂದೆ ಚಿಕ್ಕಪ್ಪ. ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇನ್ನೊಬ್ಬರನ್ನು ಉಳಿಸಲು ಇಳಿದವರೇ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1986ರಲ್ಲಿ ಎಚ್ಚರಿಸಿತ್ತು. "ತಡಿ ಮಗ, ದೀಪ ಇಳಿಸ್ದೆ ಇಳೀಬ್ಯಾಡ" ಎಂದು ಗದರುವ ಅಜ್ಜ ಮನೆಯಲ್ಲಿದ್ದರೆ ಅವನ ಮಾತು ಕೇಳುವುದು ಮೇಲು. ಎತ್ತಿದವನನ್ನು ಬಯಲು ಗಾಳಿಯಲ್ಲಿ ಮಲಗಿಸಿ, ಉಸಿರಿಲ್ಲದಿದ್ದರೆ ಕೃತಕ ಉಸಿರಾಟ ಕೊಡುತ್ತಲೇ 108ಕ್ಕೆ ಕರೆ ಮಾಡಬೇಕು.

ಗಾಳಿಯ ಅಪಾಯ ಕ್ಷಣದ್ದಾದರೆ ಬೂಷ್ಟಿನದು ನಿಧಾನದ್ದು. ಗೋಡೆ ಬದಿಯ ಹುಲ್ಲು ಕಪ್ಪಾಗಿ, ಕಾಳು ಹೆಂಟೆಕಟ್ಟಿ ಮುಗ್ಗಲು ವಾಸನೆ ಬಂದರೆ ಆ ಭಾಗವನ್ನು ಎಸೆಯಬೇಕು. ತೊಳೆದು ಒಣಗಿಸಿದರೆ ಬೂಷ್ಟಿನ ವಿಷ ಹೋಗುವುದಿಲ್ಲ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ದನಕ್ಕೆ ಹಾಕಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹಾಲಿಗೂ ಇಳಿಯುತ್ತದೆ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದ ಜೋಳ, ಮುಸುಕಿನ ಜೋಳದಿಂದ ಹೊಟ್ಟೆನೋವು, ಭೇದಿ ಹರಡಿತ್ತು. ರಾಗಿಯ ತಾಳಿಕೆ ಮುಸುಕಿನ ಜೋಳಕ್ಕಿಲ್ಲ. ಅದನ್ನು ಹಗೇವಿಗೆ ಹಾಕಲೇಬಾರದು. ಬೂಷ್ಟಿನ ಧೂಳೂ ಎದೆಗೆ ಕೆಟ್ಟದ್ದು, ದಮ್ಮು ಇರುವವರನ್ನು ಆ ಕೆಲಸಕ್ಕೆ ಹಚ್ಚಬಾರದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಥಂಡಿಯನ್ನು ತಡೆಯುವ ಕೆಲಸ ಕಣದಲ್ಲೇ ಶುರುವಾಗಬೇಕು. ನಮ್ಮ ಕಡೆ ಹಿಂಗಾರು ಮಳೆ ಕೊಯ್ಲಿನ ಹೊತ್ತಿಗೇ ಕಾಡುವುದರಿಂದ ರಾಗಿಯನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ತೇವ ನೂರಕ್ಕೆ 12ರ ಒಳಗೆ ತರಬೇಕು. ಒಣ ಸೀಸೆಗೆ ಹಿಡಿ ಕಾಳು, ಹುರಿದು ಆರಿಸಿದ ಒಂದು ಚಮಚ ಉಪ್ಪು ಹಾಕಿ ಕುಲುಕಿ ನೋಡಿ. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ಇನ್ನೂ ಹಸಿ ಎಂದು ಅರ್ಥ. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ತೋರಿಸಿದರೆ ನಷ್ಟವೇನಿಲ್ಲ. ಹಗೇವಿಗೆ ಎತ್ತರದ, ಗಟ್ಟಿ ಕೆಮ್ಮಣ್ಣಿನ ಜಾಗವೇ ಆಗಬೇಕು. ತಿಪ್ಪೆ, ಬಚ್ಚಲು, ಕೊಟ್ಟಿಗೆ ದೂರವಿರಬೇಕು. ಯಳಂದೂರಿನ ಸುವರ್ಣಾವತಿ ಬಯಲಿನ ಗದ್ದೆಗಳ ಬದಿಯಲ್ಲಿ ನೆಲದಡಿ ಸದಾ ನೀರಿನ ಪಸೆ; ಅಲ್ಲಿನವರಿಗೆ ಅಟ್ಟಣೆಯ ಮೇಲಿನ ಕಣಜವೋ ತಗಡಿನ ಡ್ರಮ್ಮೋ ಲೇಸು. ಹಳೆಯ ಹಗೇವನ್ನು ಮತ್ತೆ ತುಂಬುವ ಮುನ್ನ ಒಳಗೆ ಒಣ ಹುಲ್ಲು ಸುಟ್ಟು ಪಸೆ ಆರಿಸುವುದುಂಟು. ಬೆಂಕಿಯೂ ಆಮ್ಲಜನಕ ತಿಂದು ವಿಷದ ಹೊಗೆ ಬಿಡುತ್ತದೆ. ಅದಾದ ಮೇಲೆ ಒಂದು ಹಗಲು ಬಿಡದೆ ಇಳಿಯಕೂಡದು. ಬಾಯಿಯ ಸುತ್ತ ನೆಲಕ್ಕಿಂತ ಎತ್ತರವಾಗಿ ಕಟ್ಟೆ ಕಟ್ಟಿದರೆ ಮಳೆನೀರು ಒಳನುಗ್ಗದು.

ಬಳಸದ ಹಗೇವನ್ನು ಹಾಗೇ ಬಿಡದೆ ಮಣ್ಣು ತುಂಬಿ ಗಟ್ಟಿಸಬೇಕು. ಮೇಲಿನ ಚಪ್ಪಡಿ ಬಿರಿದು, ಮಣ್ಣು ಕುಸಿದು ಎತ್ತಿನ ಕಾಲಡಿ ಬಾಯಿ ಬಿಟ್ಟೀತು. ತುಂಬುವವರೆಗೆ ಸುತ್ತ ಮುಳ್ಳು ಹೊಚ್ಚಿ, ಜಾಗ ಎಲ್ಲಿದೆಯೆಂದು ಮನೆಯ ಮಕ್ಕಳಿಗೆ ತೋರಿಸಿರಬೇಕು.