ಸಂಬಳ ಚೀಟಿಯ ಮೇಲಿನ ಹೆಸರು

ಬೆಂಗಳೂರಿನ ಯಾವುದಾದರೂ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುವ ಸೆಕ್ಯುರಿಟಿಯವರನ್ನು ‘ಎಲ್ಲಿ ಕೆಲಸ ನಿಮ್ಮದು?’ ಎಂದು ಕೇಳಿ. ಆಸ್ಪತ್ರೆಯ ಹೆಸರು ಹೇಳುತ್ತಾರೆ. ‘ಸಂಬಳ ಕೊಡೋರು ಯಾರು?’ ಎಂದರೆ ‘ಏಜೆನ್ಸಿಯವರು’ ಎನ್ನುತ್ತಾರೆ. ಡ್ಯೂಟಿ ಹಾಕುವವರು ಒಬ್ಬರು, ಪಿಎಫ್ ಕಟ್ಟಬೇಕಾದವರು ಇನ್ನೊಬ್ಬರು. ತಿಂಗಳ ಹತ್ತು ದಾಟಿದರೂ ಸಂಬಳ ಬರದಿದ್ದಾಗ ಆಸ್ಪತ್ರೆಯವರು ಏಜೆನ್ಸಿಯ ಕಡೆ ಕೈ ತೋರಿಸುತ್ತಾರೆ, ಏಜೆನ್ಸಿಯವರು ‘ಅವರಿಂದ ಬಿಲ್ ಪಾಸಾಗಿಲ್ಲ’ ಎನ್ನುತ್ತಾರೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು. ಆ ಮಾತು ಬಾಗಿಲಲ್ಲಿ ನಿಂತವರ ಕಿವಿಗೆ ಬಿದ್ದದ್ದು ಕಡಿಮೆ.

ಇದು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಕೋಲಾರ ಜಿಲ್ಲೆಯ ನರಸಾಪುರ ನೋಡಿದೆ. 2020ರ ಡಿಸೆಂಬರ್ 12, ಶನಿವಾರ ಬೆಳಗ್ಗೆ ಪಾಳಿ ಬದಲಾಗುವ ಹೊತ್ತಿಗೆ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜುಗಳು ಪುಡಿಯಾದವು, ವಾಹನಗಳು ಉರುಳಿದವು. ಕಾಯಂ ನೌಕರರು ಸಾವಿರ ಚಿಲ್ಲರೆ ಇದ್ದ ಆ ಕಾರ್ಖಾನೆಯಲ್ಲಿ ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು 8,000ಕ್ಕೂ ಹೆಚ್ಚು. ಕೆಲವೇ ತಿಂಗಳಲ್ಲಿ ಆಳುಗಳ ಸಂಖ್ಯೆ ದುಪ್ಪಟ್ಟಾಗಿತ್ತು. ಕೆಲಸದ ಹೊತ್ತಿನ ಲೆಕ್ಕ ಅದರ ಜತೆಗೆ ಓಡಲಿಲ್ಲ. ಹೇಳಿದ್ದೊಂದು ಸಂಬಳ, ಖಾತೆಗೆ ಬಿದ್ದದ್ದು ಇನ್ನೊಂದು ಎಂಬುದು ಹುಡುಗರ ದೂರು. ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ವೇತನ ತಡವಾಗಿದ್ದನ್ನು ಆಪಲ್ ಒಪ್ಪಿಕೊಂಡಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಹಿಂಸೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಂದು ಬೆಳಗ್ಗೆ ಆ ಹುಡುಗರಿಗೆ ತಮ್ಮ ದೂರನ್ನು ಹೊತ್ತುಕೊಂಡು ಹೋಗಿ ಇಳಿಸಲು ಒಂದು ಮೇಜಾದರೂ ಇತ್ತೇ ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಏಜೆನ್ಸಿಗಳಿಗಾದರೋ ಅಂಥ ಮೇಜು ಇದೆ. ಇಂಡಿಯನ್ ಸ್ಟಾಫಿಂಗ್ ಫೆಡರೇಶನ್ ಎಂಬ ಒಕ್ಕೂಟ ಹುಟ್ಟಿದ್ದು 2011ರಲ್ಲಿ. ಬೇರೆಯವರ ಕಚೇರಿ, ಅಂಗಡಿ, ಕಾರ್ಖಾನೆಗಳಿಗೆ ಜನರನ್ನು ಒದಗಿಸಿ, ತಮ್ಮದೇ ಖಾತೆಯಿಂದ ಸಂಬಳ ಕೊಡುವ ಕಂಪನಿಗಳು ಅದರ ಸದಸ್ಯರು. ಈ ಉದ್ಯಮಕ್ಕೂ ಬೆಂಗಳೂರಿಗೂ ಗಟ್ಟಿ ನಂಟಿದೆ. 2002ರಲ್ಲಿ ಶುರುವಾದ ಟೀಮ್‌ಲೀಸ್, 2007ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ ಕ್ವೆಸ್ ಎರಡಕ್ಕೂ ಕೇಂದ್ರ ಕಚೇರಿ ಇಲ್ಲೇ. ಎರಡೂ 2016ರಲ್ಲಿ ಷೇರುಪೇಟೆಗೆ ಬಂದವು. ಟೀಮ್‌ಲೀಸ್‌ನ ರಿತುಪರ್ಣ ಚಕ್ರವರ್ತಿ, ಕ್ವೆಸ್‌ನ ಲೋಹಿತ್ ಭಾಟಿಯಾ ಒಕ್ಕೂಟದ ಅಧ್ಯಕ್ಷರಾಗಿದ್ದವರು.

ಒಕ್ಕೂಟ ದಿಲ್ಲಿಯಲ್ಲಿ ಹೇಳುತ್ತ ಬಂದಿರುವುದರಲ್ಲಿ ಮುಖ್ಯವಾದದ್ದು ಅರ್ಥವಾಗಬೇಕಾದರೆ ಒಂದು ಬಿಲ್ ಬಿಡಿಸಿ ನೋಡಬೇಕು. ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಮಾಡುವ ಹೆಣ್ಣುಮಗಳಿಗೆ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಮಾಲೀಕರ ಪಾಲಿನ ಪಿಎಫ್ ಮತ್ತು ಅದರ ಖರ್ಚು ಸೇರಿ ಶೇ 13, ಅಂದರೆ 1,950. ಇಎಸ್‌ಐ ಶೇ 3.25, ಅಂದರೆ 488. ಒಟ್ಟು 17,438. ಏಜೆನ್ಸಿಯ ಕಮಿಷನ್ ಬದಿಗಿಟ್ಟರೂ ಈ ಮೊತ್ತದ ಮೇಲೆ ಶೇ 18ರಂತೆ ಜಿಎಸ್‌ಟಿ 3,139 ಆಗುತ್ತದೆ. ತೆರಿಗೆ ಬೀಳುವುದು ಏಜೆನ್ಸಿಯ ಲಾಭಕ್ಕಷ್ಟೇ ಅಲ್ಲ, ಆಕೆಯ ಸಂಬಳಕ್ಕೂ ಪಿಎಫ್‌ಗೂ ಬೀಳುತ್ತದೆ. ಕಾರ್ಖಾನೆಯವರು ಇದನ್ನು ತಮ್ಮ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲದ ಕಾರಣ ಆಸ್ಪತ್ರೆಗೆ ಆ ದಾರಿಯಿಲ್ಲ. ಆಗ ಬಿಲ್ಲೇ ಕೊಡದ ಒಬ್ಬ ಕಂಟ್ರಾಕ್ಟರ್ ಬಂದು, ಪಿಎಫ್, ಇಎಸ್‌ಐ, ಜಿಎಸ್‌ಟಿ ಮೂರನ್ನೂ ಬಿಟ್ಟು ಜನ ಕೊಡುತ್ತೇನೆ ಎನ್ನುತ್ತಾನೆ. ತಲೆಗೆ 5,577 ರೂಪಾಯಿ ಉಳಿಯಿತು. ಉಳಿದದ್ದರಲ್ಲಿ ಆಕೆಯ ಮುಪ್ಪಿನ ದುಡ್ಡೂ ಇದೆ, ಮಗುವಿಗೆ ಜ್ವರ ಬಂದಾಗ ತೋರಿಸಬೇಕಾದ ಇಎಸ್‌ಐ ಕಾರ್ಡೂ ಇದೆ.

ತೆರಿಗೆಯನ್ನು ಶೇ 5ಕ್ಕೆ ಇಳಿಸಿ ಎಂಬ ಒಕ್ಕೂಟದ ಬೇಡಿಕೆ ಈ ಕಾರಣಕ್ಕೆ ನನಗೆ ಬರೀ ಮಾಲೀಕರ ಕೂಗಾಗಿ ಕೇಳಿಸುವುದಿಲ್ಲ. ನೆಟ್ಟಗೆ ಲೆಕ್ಕ ಇಡುವವನು ಪೇಟೆಯಲ್ಲಿ ಸೋಲಬಾರದು.

ಇನ್ನೊಂದು ವಿಷಯದಲ್ಲಿ ಮಾತ್ರ ಅದರ ಜತೆ ನಿಲ್ಲಲು ನನ್ನಿಂದಾಗದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳನ್ನು ಒಕ್ಕೂಟ ಸ್ವಾಗತಿಸಿತು. ದೇಶಕ್ಕೆಲ್ಲ ಒಂದೇ ಲೈಸೆನ್ಸು, ಐದು ವರ್ಷದ ಅವಧಿ, ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ, ಇವು ಒಳ್ಳೆಯವೇ. ಆದರೆ 20 ಗುತ್ತಿಗೆ ಕೆಲಸಗಾರರಿದ್ದರೆ ಅನ್ವಯವಾಗುತ್ತಿದ್ದ ನಿಯಮ ಈಗ 50 ಮಂದಿ ಇದ್ದರೆ ಮಾತ್ರ ಅನ್ವಯ. ಬಿಲ್ ಕೊಡದ ಆ ಕಂಟ್ರಾಕ್ಟರ್ ಇಟ್ಟುಕೊಳ್ಳುವುದೇ ಮೂವತ್ತು ನಲವತ್ತು ಜನರನ್ನು. ಯಾರ ವಿರುದ್ಧ ಒಕ್ಕೂಟ ಇಷ್ಟು ವರ್ಷ ದೂರುತ್ತ ಬಂತೋ ಅವನಿಗೇ ಗೇಟು ತೆರೆದಂತಾಯಿತು. ಅದನ್ನು ಒಕ್ಕೂಟವೇ ಗಟ್ಟಿಯಾಗಿ ಹೇಳಬೇಕಿತ್ತು.

ಒಕ್ಕೂಟ ಮಾತಾಡಬೇಕಾದ ಇನ್ನೊಂದು ವಿಷಯ ಆಳು ಸೇರಿಸುವ ಬಗೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಹಿಂದೆ ಘಟ್ಟದ ಕೆಳಗಿನಿಂದ ಆಳು ತರುತ್ತಿದ್ದವರು ಮೇಸ್ತ್ರಿಗಳು. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುತ್ತಿದ್ದರು. ಈಗ ಹಗ್ಗದ ತುದಿ ತಿರುಗಿದೆ. ಕೆಲಸ ಕೇಳಿಕೊಂಡು ಬಂದವನೇ ಊರಿನ ಏಜೆಂಟನಿಗೆ ಮುಂಗಡ ಕೊಟ್ಟು ಬಸ್ಸು ಹತ್ತುತ್ತಾನೆ. ಯೂನಿಫಾರ್ಮಿಗೆ, ಐಡಿ ಕಾರ್ಡಿಗೆ ಅಂತ ಮೊದಲ ಸಂಬಳದಲ್ಲಿ ಇನ್ನಷ್ಟು ಮುರಿದುಕೊಳ್ಳುವವರೂ ಇದ್ದಾರೆ. ಕೆಲಸಗಾರನಿಂದ ಯಾವ ರೂಪದಲ್ಲೂ ಶುಲ್ಕ ಪಡೆಯಕೂಡದು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಪ್ಪಂದದ ತಿರುಳು. ಭಾರತ ಅದಕ್ಕೆ ಸಹಿ ಹಾಕಿಲ್ಲ. ಆದರೆ ನಮ್ಮ ಒಕ್ಕೂಟ ಸದಸ್ಯತ್ವ ಹೊಂದಿರುವ, 1967ರಲ್ಲಿ ಹುಟ್ಟಿದ ಜಾಗತಿಕ ಸಂಘಟನೆ ವರ್ಲ್ಡ್ ಎಂಪ್ಲಾಯ್‌ಮೆಂಟ್ ಕಾನ್ಫೆಡರೇಶನ್‌ನ ನೀತಿಸಂಹಿತೆಯಲ್ಲೂ ಇದೇ ಮಾತಿದೆ. ಸರ್ಕಾರ ಸಹಿ ಹಾಕುವವರೆಗೆ ಕಾಯಬೇಕಾಗಿಲ್ಲ. ಏಜೆನ್ಸಿ ಪರವಾಗಿ ಹಳ್ಳಿಯಲ್ಲಿ ಜನ ಸೇರಿಸುವವನು ಎಷ್ಟು ವಸೂಲಿ ಮಾಡಿದ ಎಂದು ಸದಸ್ಯ ಕಂಪನಿಗಳೇ ಕೇಳಬಹುದು.

ನೆದರ್ಲೆಂಡ್ಸ್‌ನಲ್ಲಿ 1961ರಿಂದ ಇರುವ ಎಬಿಯು ಇಂಥದೇ ಒಕ್ಕೂಟ. ಅದು ಕಾರ್ಮಿಕ ಸಂಘಗಳ ಎದುರು ಕೂತು ಏಜೆನ್ಸಿ ಕೆಲಸಗಾರರ ಸಂಬಳದ ಒಪ್ಪಂದ ಮಾಡಿಕೊಳ್ಳುತ್ತದೆ. ಒಪ್ಪಂದ ಪಾಲನೆಯಾಗುತ್ತಿದೆಯೇ ಎಂದು ನೋಡಲು ಎರಡೂ ಕಡೆಯವರು ಸೇರಿ ಎಸ್‌ಎನ್‌ಸಿಯು ಎಂಬ ತಪಾಸಣಾ ಸಂಸ್ಥೆ ಕಟ್ಟಿದ್ದಾರೆ. ಅದು ಏಜೆನ್ಸಿಯ ಪುಸ್ತಕ ತೆರೆಸುತ್ತದೆ, ಕಡಿಮೆ ಕೊಟ್ಟಿದ್ದರೆ ಬಾಕಿ ಕೊಡಿಸುತ್ತದೆ. ಸದಸ್ಯರ ಪರ ಮಾತಾಡುವವರೇ ಸದಸ್ಯರ ಲೆಕ್ಕವನ್ನೂ ಕೇಳುವ ಏರ್ಪಾಡು ಅದು. ನಮ್ಮಲ್ಲಿ ಈ ಅರ್ಧ ಇನ್ನೂ ಕಟ್ಟಬೇಕಾಗಿದೆ. ಒಕ್ಕೂಟದ ಮಾತಿಗೆ ವಿಧಾನಸೌಧದಲ್ಲೂ ದಿಲ್ಲಿಯಲ್ಲೂ ಇನ್ನಷ್ಟು ತೂಕ ಬರುವುದಿದ್ದರೆ ಅದು ಇಲ್ಲಿಂದಲೇ ಬರಬೇಕು.

ತಪಾಸಣಾ ಸಂಸ್ಥೆ ಕಟ್ಟಲು ವರ್ಷಗಳು ಬೇಕಾದಾವು. ಬರುವ ತಿಂಗಳೇ ಆಗಬಹುದಾದದ್ದು ಒಂದಿದೆ. ಮೂಲ ಮಾಲೀಕ ಯಾರು, ಕೆಲಸ ಮಾಡಿದ್ದು ಎಷ್ಟು ದಿನ, ಓಟಿ ಎಷ್ಟು ಗಂಟೆ, ಪಿಎಫ್‌ಗೆ ಕಟ್ಟಿದ್ದು ಎಷ್ಟು ಎಂಬುದನ್ನು ಸಂಬಳ ಚೀಟಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ. ಅದರ ಕೆಳಗೆ, ಆ ಏಜೆನ್ಸಿಯದಲ್ಲ, ಒಕ್ಕೂಟದ್ದೇ ಒಂದು ಫೋನ್ ನಂಬರ್ ಇರಲಿ. ರಾತ್ರಿ ಪಾಳಿ ಮುಗಿಸಿ ಬಂದವನು ಬೆಳಗ್ಗೆ ಏಳಕ್ಕೆ ಕರೆ ಮಾಡಿದರೂ ಎತ್ತಿಕೊಂಡು ಕನ್ನಡದಲ್ಲಿ ಮಾತಾಡುವವರು ಆ ಕಡೆ ಇರಲಿ.